‘ಸಾಬೀತಾದ’ ಗಂಡುಕುದುರೆ: ಒಂದು ಲೆಕ್ಕದ ವಿಮರ್ಶೆ

ಪ್ರಾಣಿ ಸಾಕುವವರಲ್ಲಿ ಎಲ್ಲೆಡೆ ಕೇಳಿಬರುವ ಬುದ್ಧಿಮಾತು ಒಂದಿದೆ: ‘ತಳಿಗೆ ಬಿಡುವ ಗಂಡು ಸಾಬೀತಾದದ್ದಾಗಿರಲಿ.’ ಆ ಗಂಡಿಗೆ ಈಗಾಗಲೇ ಮರಿಗಳು ಹುಟ್ಟಿರಬೇಕು, ಹುಟ್ಟಿದ ಮರಿಗಳು ಚೆನ್ನಾಗಿರಬೇಕು ಎಂಬುದು ಇದರ ಅರ್ಥ. ಒಂದು ಮರಿಯನ್ನೂ ಕಾಣದ ಎಳೆಯ ಗಂಡನ್ನು ಆರಿಸಿಕೊಳ್ಳುವುದು ಜೂಜಾಟ ಎಂಬುದು ಇದೇ ಮಾತಿನ ಮತ್ತೊಂದು ಮುಖ. ಬೀಜದ ಹೋರಿಯನ್ನು ಆರಿಸುವ ನಮ್ಮ ಹಳ್ಳಿಯ ರೈತನೂ ಈ ಮಾತಿಗೆ ತಲೆದೂಗಬಹುದು. ಅನುಭವದಿಂದ ಬಂದ ಮಾತಿದು. ಕೇಳಲು ವೈಜ್ಞಾನಿಕವಾಗಿಯೂ ಇದೆ. ಫಲಿತಾಂಶ ನೋಡಿ ನಂಬು ಎನ್ನುವುದೇ ವಿಜ್ಞಾನ ತಾನೇ?

ಭೌತವಿಜ್ಞಾನದ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಯೊಬ್ಬ ‘ಅಳೆದು ನೋಡಿದ್ದೇನೆ’ ಎಂದರೆ ಅಧ್ಯಾಪಕರು ಮೂರು ಪ್ರಶ್ನೆ ಕೇಳುತ್ತಾರೆ. ಏನನ್ನು ಅಳೆದೆ? ಎಷ್ಟು ಸಲ ಅಳೆದೆ? ನಿನ್ನ ಉಪಕರಣಕ್ಕೆ ಕಾಣದೆ ಉಳಿಯುವಂಥದ್ದು ಏನಿದೆ? ‘ಸಾಬೀತಾದ ಗಂಡು’ ಎಂಬ ಮಾತಿಗೂ ಇದೇ ಮೂರು ಪ್ರಶ್ನೆಗಳನ್ನು ಹಾಕಿ ನೋಡುವುದು ಈ ಲೇಖನದ ಉದ್ದೇಶ. ಉದಾಹರಣೆಗೆ ತೆಗೆದುಕೊಂಡಿರುವುದು ಅಮೆರಿಕದಲ್ಲಿ ಸಾಕುವ ಮಿನಿಯೇಚರ್ ಕುದುರೆಗಳನ್ನು. ಇವನ್ನು ಸಾಕುವವರಲ್ಲಿ ಅನೇಕರ ಬಳಿ ಇರುವುದು ನಾಲ್ಕೈದು ಹೆಣ್ಣು, ಒಂದು ಗಂಡು. ಆಯ್ಕೆ ತಪ್ಪಿದರೆ ಅದರ ಬೆಲೆ ತೆರುವುದು ಹುಟ್ಟುವ ಮರಿ, ಕೆಲವೊಮ್ಮೆ ಹೆರುವ ತಾಯಿ.

ಕಿರುಗುದುರೆಯ ಹಿನ್ನೆಲೆ

ಮಿನಿಯೇಚರ್ ಕುದುರೆಯನ್ನು ನಾವು ಕಿರುಗುದುರೆ ಎಂದು ಕರೆಯೋಣ. ಇದರ ಪೂರ್ವಜರಲ್ಲಿ ಮುಖ್ಯವಾದುದು ಸ್ಕಾಟ್ಲೆಂಡಿನ ಉತ್ತರಕ್ಕಿರುವ ದ್ವೀಪಗಳ ಶೆಟ್‌ಲೆಂಡ್ ಪೋನಿ. ಬ್ರಿಟನ್ನಿನಲ್ಲಿ 1842ರ ಗಣಿ ಕಾಯಿದೆಯು ಹೆಂಗಸರು ಹಾಗೂ ಚಿಕ್ಕ ಮಕ್ಕಳನ್ನು ನೆಲದಡಿಯ ಕೆಲಸಕ್ಕೆ ಬಳಸುವುದನ್ನು ನಿಷೇಧಿಸಿತು. ಆ ಮೇಲೆ ತಗ್ಗಾದ ಸುರಂಗಗಳಲ್ಲಿ ಕಲ್ಲಿದ್ದಲಿನ ಗಾಡಿ ಎಳೆಯಲು ಪುಟ್ಟ ಕುದುರೆಗಳಿಗೆ ಬೇಡಿಕೆ ಹೆಚ್ಚಿತು. ‘ಚಿಕ್ಕದಾಗಿರಬೇಕು, ಆದರೆ ಗಟ್ಟಿಮುಟ್ಟಾಗಿರಬೇಕು’ ಎಂಬ ಆಯ್ಕೆಯ ಒತ್ತಡ ಅಲ್ಲಿಂದ ಬಂತು. ಮುಂದೆ ಅಮೆರಿಕದಲ್ಲಿ 1972ರಲ್ಲಿ ಒಂದು, 1978ರಲ್ಲಿ ಇನ್ನೊಂದು ನೋಂದಣಿ ವ್ಯವಸ್ಥೆ ಆರಂಭವಾದವು. ಎರಡನೆಯದಾದ ಅಮೆರಿಕನ್ ಮಿನಿಯೇಚರ್ ಹಾರ್ಸ್ ಅಸೋಸಿಯೇಷನ್ ವಿಧಿಸಿರುವ ಮಿತಿ 34 ಅಂಗುಲ, ಅಂದರೆ ಸುಮಾರು 86 ಸೆಂಟಿಮೀಟರ್. ಶಾಶ್ವತ ನೋಂದಣಿ ಸಿಗುವುದು ಕುದುರೆಗೆ 5 ವರ್ಷ ತುಂಬಿದಾಗ.

ಇಲ್ಲಿಯೇ ಅಳತೆಯ ಒಂದು ಸ್ವಾರಸ್ಯವಿದೆ. ಸಾಮಾನ್ಯವಾಗಿ ಕುದುರೆಯ ಎತ್ತರವನ್ನು ಹೆಗಲ ಉಬ್ಬಿನ ಮೇಲ್ತುದಿಯಿಂದ ನೆಲಕ್ಕೆ ಅಳೆಯುತ್ತಾರೆ. ಆ ಉಬ್ಬಿನ ಒಳಗಿರುವುದು ಮೂಳೆ. ಅದರ ಸ್ಥಾನ ಬದಲಾಗದು. ಕಿರುಗುದುರೆಯಲ್ಲಿ ಅಳೆಯುವುದು ಅಯಾಲಿನ ಕೊನೆಯ ಕೂದಲು ಇರುವ ಜಾಗದಿಂದ. ಕೂದಲು ಎಲ್ಲಿ ಮುಗಿಯುತ್ತದೆ ಎಂಬುದು ಕುದುರೆಯಿಂದ ಕುದುರೆಗೆ ಬೇರೆ. ಆ ಜಾಗ ಹೆಗಲ ತುದಿಗಿಂತ ಕೆಳಗಿದ್ದರೆ ಕುದುರೆ ಇರುವುದಕ್ಕಿಂತ ಗಿಡ್ಡವೆಂದು ದಾಖಲಾಗುತ್ತದೆ. ಇದು ವ್ಯವಸ್ಥಿತ ದೋಷ. ಹತ್ತು ಸಲ ಅಳೆದು ಸರಾಸರಿ ತೆಗೆದರೂ ಇದು ಹೋಗುವುದಿಲ್ಲ. ಆಯ್ಕೆಯ ಮೂಲ ಗುಣವನ್ನೇ ಜಾರುವ ಗುರುತಿನಿಂದ ಅಳೆಯುತ್ತಿರುವಾಗ ‘ಸಾಬೀತು’ ಎಂಬ ಪದವನ್ನು ಎಚ್ಚರದಿಂದ ಬಳಸಬೇಕಾಗುತ್ತದೆ.

ಒಂದು ಪದ, ಮೂರು ಅರ್ಥ

ಗಂಡುಕುದುರೆ ಸಾಬೀತಾಗಿದೆ ಎಂದಾಗ ಮೂರು ಬೇರೆ ಬೇರೆ ಸಂಗತಿಗಳನ್ನು ಒಂದೇ ಉಸಿರಿನಲ್ಲಿ ಹೇಳಲಾಗುತ್ತದೆ. ಒಂದು, ಅದು ಗರ್ಭ ಕಟ್ಟಿಸಬಲ್ಲದು. ಎರಡು, ಅದರ ರಕ್ತದಲ್ಲಿ ಕೆಟ್ಟ ರೋಗವೇನೂ ಅಡಗಿಲ್ಲ. ಮೂರು, ಅದರ ಒಳ್ಳೆಯ ಗುಣಗಳು ಮರಿಗಳಿಗೆ ಇಳಿಯುತ್ತವೆ. ಈ ಮೂರಕ್ಕೂ ಬೇಕಾದ ಸಾಕ್ಷ್ಯ ಬೇರೆ ಬೇರೆ. ಒಂದಕ್ಕೆ ಸಾಲುವ ಸಾಕ್ಷ್ಯ ಇನ್ನೊಂದಕ್ಕೆ ಸಾಲದು.

ಮೊದಲನೆಯದು ಸುಲಭ. ಒಂದೇ ಒಂದು ಮರಿ ಹುಟ್ಟಿದರೂ ಗಂಡು ಬಂಜೆಯಲ್ಲ ಎಂದು ತಿಳಿಯುತ್ತದೆ. ಆದರೆ ಅದಕ್ಕಾಗಿ 11 ತಿಂಗಳು ಕಾಯಬೇಕಾಗಿಲ್ಲ. ಎರಡೂ ವೃಷಣಗಳು ಕೆಳಗಿಳಿದಿವೆಯೇ ಎಂದು ಪಶುವೈದ್ಯರು ಕೈಯಿಂದ ಮುಟ್ಟಿ ನೋಡಬಹುದು. ವೀರ್ಯದಲ್ಲಿ ಚಲಿಸುವ, ಸರಿಯಾದ ಆಕಾರದ ವೀರ್ಯಾಣುಗಳು ಎಷ್ಟಿವೆ ಎಂದು ಸೂಕ್ಷ್ಮದರ್ಶಕದಲ್ಲಿ ಎಣಿಸಬಹುದು. ಕುದುರೆಯಲ್ಲಿ ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು 57 ದಿನ ಬೇಕು. ಆದ್ದರಿಂದ ಈಚೆಗೆ ಜ್ವರ ಬಂದಿದ್ದರೆ ಎರಡು ತಿಂಗಳು ಬಿಟ್ಟು ಪರೀಕ್ಷಿಸುವುದು ಕ್ಷೇಮ. ಹೋದ ವರ್ಷ ಮರಿ ಕೊಟ್ಟ ಹಳೆಯ ಗಂಡು ಈ ವರ್ಷವೂ ಫಲವಂತವಾಗಿದೆ ಎಂಬ ಖಾತರಿಯಿಲ್ಲ ಎಂಬುದನ್ನೂ ಗಮನಿಸಬೇಕು. ಹೀಗಾಗಿ ಮೊದಲ ಅರ್ಥದಲ್ಲಿ ಎಳೆಯ ಗಂಡಿಗೂ ಹಳೆಯ ಗಂಡಿಗೂ ಬೇಕಾದ ಪರೀಕ್ಷೆ ಒಂದೇ.

ಅಡಗಿದ ಜೀನ್: ಹತ್ತು ಮರಿಗಳ ಲೆಕ್ಕ

ಎರಡನೆಯ ಅರ್ಥದಲ್ಲಿ ಈ ಬುದ್ಧಿಮಾತು ನಿಜವಾಗಿಯೂ ಎಡವುತ್ತದೆ.

ಕಿರುಗುದುರೆಗಳಲ್ಲಿ ಕುಬ್ಜತೆ ಎಂಬ ಆನುವಂಶಿಕ ದೋಷವಿದೆ. ಇದು ಬರಿಯ ಗಿಡ್ಡತನವಲ್ಲ. ಮೃದ್ವಸ್ಥಿ ಸರಿಯಾಗಿ ಬೆಳೆಯದೆ ಕಾಲುಗಳು ಸೊಟ್ಟಗಾಗುತ್ತವೆ. ಕೆಳದವಡೆ ಮುಂದೆ ಚಾಚಿ ಹಲ್ಲುಗಳು ಕೂಡುವುದಿಲ್ಲ. ಮೂಗು ಒಳಸರಿದು ಉಸಿರಾಟ ಕಷ್ಟವಾಗುತ್ತದೆ. ಅನೇಕ ಮರಿಗಳು ನೋವಿನಲ್ಲೇ ಬದುಕಿ ಬೇಗ ಸಾಯುತ್ತವೆ. ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ಜಾನ್ ಎಬರ್ತ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, ಮೃದ್ವಸ್ಥಿಯ ಮುಖ್ಯ ಪ್ರೋಟೀನಾದ ಅಗ್ರಿಕ್ಯಾನ್ ಅನ್ನು ರೂಪಿಸುವ ಜೀನಿನಲ್ಲಿ ಆಗುವ ನಾಲ್ಕು ಬೇರೆ ಬೇರೆ ಬದಲಾವಣೆಗಳು ಈ ದೋಷಕ್ಕೆ ಸಂಬಂಧಿಸಿವೆ. ಇವು ಅಪ್ರಬಲ ರೂಪಗಳು. ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡು ಕೆಟ್ಟ ಪ್ರತಿಗಳು ಸೇರಿದರೆ ಮಾತ್ರ ದೋಷ ಕಾಣಿಸಿಕೊಳ್ಳುತ್ತದೆ. ಎರಡೂ ಒಂದೇ ಬಗೆಯವಾಗಿರಬೇಕೆಂದಿಲ್ಲ. ಕೆಲವು ಜೋಡಣೆಗಳಲ್ಲಿ ಭ್ರೂಣ ಬದುಕುವುದೇ ಇಲ್ಲ. ಒಂದೇ ಕೆಟ್ಟ ಪ್ರತಿ ಹೊತ್ತ ಕುದುರೆ ವಾಹಕ. ಅದು ನೋಡಲು ಆರೋಗ್ಯವಾಗಿಯೇ ಇರುತ್ತದೆ. ಈ ತಳಿಯಲ್ಲಿ ಸುಮಾರು ನಾಲ್ಕರಲ್ಲೊಂದು ಕುದುರೆ ವಾಹಕ ಎಂಬುದು ಆ ಅಧ್ಯಯನದಿಂದ ಸಿಗುವ ಅಂದಾಜು.

ಈಗ ಲೆಕ್ಕ ನೋಡೋಣ. ನಮ್ಮ ಮುಂದೆ ವಾಹಕವಾದ ಒಂದು ಗಂಡಿದೆ. ಅದು ವಾಹಕವೆಂದು ಯಾರಿಗೂ ತಿಳಿದಿಲ್ಲ. ಅದಕ್ಕೆ ಕೂಡಿಸುವ ಹೆಣ್ಣು ವಾಹಕವಾಗಿರುವ ಸಂಭವನೀಯತೆ 1/4. ತಂದೆತಾಯಿ ಇಬ್ಬರೂ ವಾಹಕರಾದರೆ ಮೆಂಡೆಲನ ನಿಯಮದಂತೆ ಮರಿಗೆ ಎರಡೂ ಕೆಟ್ಟ ಪ್ರತಿಗಳು ಬರುವ ಸಂಭವನೀಯತೆ 1/4. ಎರಡನ್ನೂ ಗುಣಿಸಿದರೆ 1/16. ಅಂದರೆ ಒಂದು ಮರಿ ಆರೋಗ್ಯವಾಗಿರುವ ಸಂಭವನೀಯತೆ 15/16. ಬೇರೆ ಬೇರೆ ಹೆಣ್ಣುಗಳಿಂದ ಹುಟ್ಟಿದ ಹತ್ತು ಮರಿಗಳೂ ಆರೋಗ್ಯವಾಗಿರುವ ಸಂಭವನೀಯತೆಗೆ 15/16 ಅನ್ನು ಹತ್ತು ಸಲ ಗುಣಿಸಬೇಕು. ಉತ್ತರ 0.52.

ಇದರ ಅರ್ಥವೇನು? ಕುಬ್ಜತೆಯ ಜೀನ್ ಹೊತ್ತ ಗಂಡುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಹತ್ತು ಒಳ್ಳೆಯ ಮರಿಗಳನ್ನು ಕೊಟ್ಟು ‘ಸಾಬೀತಾದ ಗಂಡು’ ಎಂಬ ಬಿರುದು ಪಡೆಯುತ್ತವೆ!

ಇದನ್ನೇ ಇನ್ನೊಂದು ರೀತಿಯಲ್ಲಿ ನೋಡಬಹುದು. ಏನೂ ತಿಳಿಯದ 100 ಗಂಡುಗಳನ್ನು ತೆಗೆದುಕೊಳ್ಳೋಣ. ಅವುಗಳಲ್ಲಿ 25 ವಾಹಕ, 75 ಶುದ್ಧ. ಪ್ರತಿಯೊಂದಕ್ಕೂ ಹತ್ತು ಮರಿಗಳಾದ ಮೇಲೆ ಯಾವುದೇ ದೋಷ ಕಾಣದೆ ಉಳಿಯುವವು 75 ಶುದ್ಧ ಗಂಡುಗಳು ಮತ್ತು ಸುಮಾರು 13 ವಾಹಕಗಳು. ಹಾಗಾಗಿ ‘ಸಾಬೀತಾದ’ ಈ 88ರಲ್ಲಿ ವಾಹಕಗಳ ಪಾಲು ಸುಮಾರು ಶೇಕಡ 15. ಹತ್ತು ಮರಿಗಳ ಸಾಕ್ಷ್ಯ ನಮ್ಮ ಅನುಮಾನವನ್ನು ಶೇಕಡ 25ರಿಂದ 15ಕ್ಕೆ ಇಳಿಸಿತು, ಅಷ್ಟೆ. ಒಂದು ವಾಹಕ ಗಂಡು ಸಿಕ್ಕಿಬೀಳದೆ ಉಳಿಯುವ ಸಂಭವನೀಯತೆ ಶೇಕಡ 5ಕ್ಕಿಂತ ಕಡಿಮೆಯಾಗಬೇಕಾದರೆ 47 ಮರಿಗಳು ಬೇಕು. ವರ್ಷಕ್ಕೆ ಐದು ಮರಿ ಹುಟ್ಟುವ ಲಾಯದಲ್ಲಿ ಇದಕ್ಕೆ ಒಂಬತ್ತು ವರ್ಷಗಳಿಗಿಂತ ಹೆಚ್ಚು ಕಾಲ ಬೇಕು. ಭ್ರೂಣಾವಸ್ಥೆಯಲ್ಲೇ ಸತ್ತವು ‘ಗರ್ಭ ಕಟ್ಟಲಿಲ್ಲ’ ಎಂಬ ಸಾಲಿಗೆ ಸೇರಿ ಲೆಕ್ಕದಿಂದ ತಪ್ಪಿಸಿಕೊಳ್ಳುವುದರಿಂದ ನಿಜಸ್ಥಿತಿ ಇನ್ನೂ ಕೆಟ್ಟದಾಗಿರಬಹುದು.

ಇದಕ್ಕೆ ಎದುರಾಗಿ, ಒಂದು ವರ್ಷದ ಎಳೆಗಂಡಿನ ಅಯಾಲಿನಿಂದ ಬುಡಸಹಿತ ಕಿತ್ತ ಕೆಲವು ಕೂದಲುಗಳನ್ನು ಡಿಎನ್‌ಎ ಪ್ರಯೋಗಾಲಯಕ್ಕೆ ಕಳಿಸಿದರೆ ಈ ನಾಲ್ಕು ಬದಲಾವಣೆಗಳ ವಿಷಯದಲ್ಲಿ ನೇರ ಉತ್ತರ ಬರುತ್ತದೆ. ಒಂದು ಮರಿಯೂ ನೋವುಣ್ಣಬೇಕಾಗಿಲ್ಲ. ಈ ವಿಷಯದ ಮಟ್ಟಿಗೆ, ಪರೀಕ್ಷೆಯಾದ ಎಳೆಗಂಡು ಹತ್ತು ಮರಿಗಳ ತಂದೆಗಿಂತ ಹೆಚ್ಚು ‘ಸಾಬೀತಾದದ್ದು’. ವಾಹಕವೆಂದು ತಿಳಿದ ಗಂಡನ್ನು ತಳಿಯಿಂದ ಕಡ್ಡಾಯವಾಗಿ ಹೊರಹಾಕಬೇಕೆಂದೂ ಇಲ್ಲ. ಪರೀಕ್ಷೆಯಲ್ಲಿ ಶುದ್ಧವೆಂದು ಕಂಡ ಹೆಣ್ಣಿನ ಜೊತೆ ಮಾತ್ರ ಕೂಡಿಸಿದರೆ ಈ ಕಾರಣದ ಕುಬ್ಜ ಮರಿ ಹುಟ್ಟುವುದಿಲ್ಲ. ಮರಿಗಳಲ್ಲಿ ಸರಾಸರಿ ಅರ್ಧದಷ್ಟು ವಾಹಕವಾಗುವುದರಿಂದ ಅವನ್ನೂ ಪರೀಕ್ಷಿಸಬೇಕು, ಅಷ್ಟೆ. ತಳಿಯ ಕಾಲುಭಾಗವನ್ನು ಒಮ್ಮೆಲೇ ಕಳೆದುಕೊಂಡರೆ ಅದರ ಜೊತೆಗೆ ಒಳ್ಳೆಯ ಜೀನುಗಳೂ ಹೋಗುತ್ತವೆ.

ಖ್ಯಾತರ ಕತೆ

ಹತ್ತು ಮರಿ ಸಾಲದು, ಸಾವಿರ ಮರಿಗಳಾದರೆ? ಆಗಲಾದರೂ ಗಂಡು ಸಾಬೀತಾಯಿತಲ್ಲವೇ? ಇತಿಹಾಸದಲ್ಲಿ ಇದಕ್ಕೆ ಎರಡು ಉತ್ತರಗಳಿವೆ.

ಅಮೆರಿಕದ ಕ್ವಾರ್ಟರ್ ಹಾರ್ಸ್ ತಳಿಯಲ್ಲಿ ಇಂಪ್ರೆಸಿವ್ ಎಂಬ ಗಂಡುಕುದುರೆ 1969ರಲ್ಲಿ ಹುಟ್ಟಿತು. ಅದರ ಸ್ನಾಯುಗಳ ಸೊಬಗಿಗೆ ಪ್ರದರ್ಶನಗಳಲ್ಲಿ ಬಹುಮಾನಗಳು ಬಂದವು. ಅದಕ್ಕೆ 2,000ಕ್ಕೂ ಹೆಚ್ಚು ಮರಿಗಳಾದವು, ಅವೂ ಗೆದ್ದವು. ಇದಕ್ಕಿಂತ ಸಾಬೀತಾದ ಗಂಡು ಯಾವುದು? ಆದರೆ ಅದರ ಸಂತತಿಯಲ್ಲಿ ರಕ್ತದ ಪೊಟ್ಯಾಸಿಯಂ ಏರಿ ಸ್ನಾಯುಗಳು ನಡುಗುವ, ಕೆಲವೊಮ್ಮೆ ಕುದುರೆ ಕುಸಿದು ಸಾಯುವ ರೋಗ ಕಾಣಿಸಿಕೊಂಡಿತು. ಸ್ನಾಯುಕೋಶದ ಸೋಡಿಯಂ ಮಾರ್ಗದ ಜೀನಿನಲ್ಲಿರುವ ಒಂದು ಬದಲಾವಣೆಯೇ ಇದಕ್ಕೆ ಕಾರಣವೆಂದು 1992ರಲ್ಲಿ ಗೊತ್ತಾಯಿತು. ಇದು ಪ್ರಬಲ ರೂಪ. ಒಂದೇ ಪ್ರತಿ ಸಾಕು. ಹಾಗಿದ್ದೂ ಎರಡು ದಶಕ ಮೂಲ ಗೊತ್ತಾಗಲಿಲ್ಲ. ಬಹುಮಾನ ಕೊಡುವವರು ನೋಡುತ್ತಿದ್ದುದು ಸ್ನಾಯುವಿನ ಗಾತ್ರವನ್ನು, ಅದರ ಆರೋಗ್ಯವನ್ನಲ್ಲ.

ಎರಡನೆಯ ಉದಾಹರಣೆ ಹಸುಗಳದು. ಪಾನೀ ಫಾರ್ಮ್ ಆರ್ಲಿಂಡಾ ಚೀಫ್ ಎಂಬ ಹೋಲ್‌ಸ್ಟೀನ್ ಹೋರಿ ಹುಟ್ಟಿದ್ದು 1962ರಲ್ಲಿ. ಅದಕ್ಕೆ ಸುಮಾರು 16,000 ಹೆಣ್ಣುಕರುಗಳು. ಅವುಗಳ ಹಾಲಿನ ದಾಖಲೆಯ ಬಲದಿಂದ ಅದು ಜಗತ್ಪ್ರಸಿದ್ಧವಾಯಿತು. ಹಾಲಿನ ಮಟ್ಟಿಗೆ ಆ ಖ್ಯಾತಿ ಸುಳ್ಳೂ ಅಲ್ಲ. ಆದರೆ ಅದರಲ್ಲೊಂದು ಅಪ್ರಬಲ ಮಾರಕ ಜೀನ್ ಇತ್ತು. ಎರಡು ಪ್ರತಿ ಬಂದ ಭ್ರೂಣ ಗರ್ಭದಲ್ಲೇ ಸಾಯುತ್ತಿತ್ತು. 2011ರಲ್ಲಿ ಡಿಎನ್‌ಎ ದತ್ತಾಂಶವನ್ನು ಜಾಲಾಡಿದಾಗ, ಹುಟ್ಟಬೇಕಾಗಿದ್ದ ಒಂದು ಬಗೆಯ ಕರುಗಳು ಹುಟ್ಟಿಯೇ ಇಲ್ಲ ಎಂಬುದು ಗೊತ್ತಾಯಿತು. ಜಗತ್ತಿನಾದ್ಯಂತ 5 ಲಕ್ಷಕ್ಕೂ ಹೆಚ್ಚು ಗರ್ಭಪಾತಗಳಿಗೆ ಈ ಜೀನ್ ಕಾರಣವಾಗಿರಬಹುದೆಂದು 2016ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿತು.

ಎರಡು ಕತೆಗಳ ಪಾಠ ಒಂದೇ. ಅಳೆಯದಿದ್ದದ್ದು ಎಷ್ಟು ಸಾವಿರ ಮರಿಗಳಾದರೂ ಸಾಬೀತಾಗುವುದಿಲ್ಲ. ಜೊತೆಗೆ, ‘ಸಾಬೀತಾದದ್ದು’ ಎಂಬ ಖ್ಯಾತಿಯೇ ಕೆಟ್ಟ ಜೀನಿಗೆ ವಾಹನವಾಗುತ್ತದೆ. ಎಲ್ಲರೂ ಒಂದೇ ಗಂಡಿಗೆ ಮುಗಿಬಿದ್ದರೆ ಮೂರು ನಾಲ್ಕು ಪೀಳಿಗೆಗಳಲ್ಲಿ ತಂದೆ ಕಡೆಯಲ್ಲೂ ತಾಯಿ ಕಡೆಯಲ್ಲೂ ಅದೇ ಪೂರ್ವಜ ಇಣುಕುತ್ತದೆ.

ಗುಣ ಇಳಿಯುವುದೇ? ನಿಖರತೆಯ ಲೆಕ್ಕ

ಮೂರನೆಯ ಅರ್ಥಕ್ಕೆ ಬರೋಣ. ಎತ್ತರ, ಮೈಕಟ್ಟು, ನಡೆ, ಸ್ವಭಾವ ಇವು ಒಂದೇ ಜೀನಿನ ಕೆಲಸವಲ್ಲ. ಅನೇಕ ಜೀನುಗಳು, ಮೇವು, ಆರೈಕೆ ಎಲ್ಲವೂ ಸೇರಿ ಇವನ್ನು ರೂಪಿಸುತ್ತವೆ. ಕುದುರೆಗಳ ನಡುವೆ ಕಾಣುವ ವ್ಯತ್ಯಾಸದಲ್ಲಿ ತಂದೆತಾಯಿಯಿಂದ ಮರಿಗೆ ಇಳಿಯಬಲ್ಲ ಭಾಗ ಎಷ್ಟು ಎಂಬುದನ್ನು ಅನುವಂಶೀಯತಾ ಪ್ರಮಾಣ ಎನ್ನುತ್ತಾರೆ. ಇದು 0 ಮತ್ತು 1ರ ನಡುವಿನ ಸಂಖ್ಯೆ. ನಮ್ಮ ಅಂದಾಜಿಗೂ ಪ್ರಾಣಿಯ ನಿಜವಾದ ತಳಿಮೌಲ್ಯಕ್ಕೂ ಇರುವ ಸಹಸಂಬಂಧವೇ ಆ ಅಂದಾಜಿನ ನಿಖರತೆ.

ಎತ್ತರ ಸಾಕಷ್ಟು ಚೆನ್ನಾಗಿ ಇಳಿಯುವ ಗುಣ. ಲೆಕ್ಕಕ್ಕಾಗಿ ಅದರ ಅನುವಂಶೀಯತಾ ಪ್ರಮಾಣ 0.5 ಎಂದಿಟ್ಟುಕೊಳ್ಳೋಣ. ಪೂರ್ತಿ ಬೆಳೆದ ಗಂಡನ್ನೇ ಅಳೆದು ಅಂದಾಜು ಮಾಡಿದರೆ ನಿಖರತೆ 0.5ರ ವರ್ಗಮೂಲ, ಅಂದರೆ 0.71. ಗಂಡನ್ನು ನೋಡದೆ ಮರಿಗಳನ್ನು ಮಾತ್ರ ಅಳೆದರೆ? ಬೇರೆ ಬೇರೆ ಹೆಣ್ಣುಗಳಿಂದ ಹುಟ್ಟಿದ 3 ಮರಿಗಳಿಂದ ಸಿಗುವ ನಿಖರತೆ 0.55, 7 ಮರಿಗಳಿಂದ 0.71, 20 ಮರಿಗಳಿಂದ 0.86. ಅಂದರೆ ಎತ್ತರದ ಮಟ್ಟಿಗೆ ಗಂಡಿನ ಸ್ವಂತ ಅಳತೆ 7 ಮರಿಗಳ ಅಳತೆಗೆ ಸಮ. ಎರಡು ಮೂರು ಮರಿಗಳನ್ನು ತೋರಿಸಿ ‘ಸಾಬೀತಾಗಿದೆ’ ಎಂದು ಹೆಚ್ಚು ಬೆಲೆ ಕೇಳುವವರು ಹೊಸದಾಗಿ ಕೊಡುತ್ತಿರುವ ಮಾಹಿತಿ ಬಹಳ ಕಡಿಮೆ.

ಕಡಿಮೆ ಇಳಿಯುವ ಗುಣಗಳಲ್ಲಿ ಚಿತ್ರ ಬದಲಾಗುತ್ತದೆ. ಅನುವಂಶೀಯತಾ ಪ್ರಮಾಣ 0.2 ಆದರೆ ಸ್ವಂತ ನೋಟದ ನಿಖರತೆ 0.45 ಮಾತ್ರ, 5 ಮರಿಗಳಿಂದ 0.46, 20 ಮರಿಗಳಿಂದ 0.72. ಇಂಥ ಗುಣಗಳಿಗೆ ಸಂತತಿಯ ಪರೀಕ್ಷೆಯೇ ಮೇಲು. ಹಳೆಯ ಬುದ್ಧಿಮಾತಿಗೆ ನಿಜವಾದ ನೆಲೆ ಇರುವುದು ಇಲ್ಲಿ. ಆದರೆ ಅದಕ್ಕೂ ಇಪ್ಪತ್ತರಷ್ಟು ಮರಿಗಳು ಬೇಕು.

ವಂಶಾವಳಿಯ ಪತ್ರದ ಮೇಲೆ ಪೂರ್ತಿ ಭರವಸೆ ಇಡುವುದೂ ಸರಿಯಲ್ಲ. ತಂದೆತಾಯಿಯ ತಳಿಮೌಲ್ಯ ಎಷ್ಟೇ ಖಚಿತವಾಗಿ ತಿಳಿದಿದ್ದರೂ ಅದರಿಂದ ಮರಿಯನ್ನು ಅಂದಾಜಿಸುವ ನಿಖರತೆ ಸಾಮಾನ್ಯವಾಗಿ 0.71ನ್ನು ದಾಟದು. ಪ್ರತಿ ಮರಿಯೂ ತಂದೆಯ ಜೀನುಗಳಲ್ಲಿ ಅರ್ಧವನ್ನು, ತಾಯಿಯವುಗಳಲ್ಲಿ ಅರ್ಧವನ್ನು ಚೀಟಿ ಎತ್ತಿದಂತೆ ಪಡೆಯುತ್ತದೆ. ಒಡಹುಟ್ಟಿದ ಅಣ್ಣತಮ್ಮಂದಿರು ಬೇರೆ ಬೇರೆಯಾಗಿರುವುದು ಇದರಿಂದಲೇ. ಚಾಂಪಿಯನ್ನನ ತಮ್ಮ ಎಂಬುದು ಅರ್ಹತಾಪತ್ರವಲ್ಲ.

ಇದಲ್ಲದೆ, ಮರಿಗಳ ಅಳತೆಯಲ್ಲಿ ತಾಯಿಯ ಪಾಲು ಬೆರೆತಿರುತ್ತದೆ. ಇದನ್ನು ಚೆನ್ನಾಗಿ ತೋರಿಸಿದ ಪ್ರಯೋಗವೊಂದು 1938ರಲ್ಲಿ ಪ್ರಕಟವಾಯಿತು. ಕೇಂಬ್ರಿಜ್‌ನ ವಾಲ್ಟನ್ ಮತ್ತು ಹ್ಯಾಮಂಡ್ ಎಂಬ ವಿಜ್ಞಾನಿಗಳು ಭಾರಿ ಗಾತ್ರದ ಶೈರ್ ಕುದುರೆಯನ್ನೂ ಪುಟ್ಟ ಶೆಟ್‌ಲೆಂಡ್ ಪೋನಿಯನ್ನೂ ಕೃತಕ ಗರ್ಭಧಾರಣೆಯಿಂದ ಎರಡೂ ದಿಕ್ಕಿನಲ್ಲಿ ಅಡ್ಡತಳಿ ಮಾಡಿದರು. ಎರಡೂ ಕಡೆಯ ಮರಿಗಳು ಅರ್ಧ ಶೈರ್, ಅರ್ಧ ಶೆಟ್‌ಲೆಂಡ್. ಆದರೂ ಶೈರ್ ತಾಯಿಗೆ ಹುಟ್ಟಿದ ಮರಿಯ ತೂಕ ಶೆಟ್‌ಲೆಂಡ್ ತಾಯಿಗೆ ಹುಟ್ಟಿದ ಮರಿಯದಕ್ಕಿಂತ ಸುಮಾರು ಮೂರು ಪಟ್ಟು! ಬೆಳೆದ ಮೇಲೂ ಆ ಅಂತರ ಪೂರ್ತಿ ಅಳಿಯಲಿಲ್ಲ. ಹೀಗಿರುವಾಗ ಒಳ್ಳೆಯ ಹೆಣ್ಣುಗಳಿರುವ ಲಾಯದಲ್ಲಿ ನಿಂತ ಸಾಧಾರಣ ಗಂಡು ತಾಯಂದಿರ ಪುಣ್ಯದಿಂದ ‘ಸಾಬೀತಾಗಬಹುದು’. ತಂದೆಯ ಪಾಲನ್ನು ಬೇರ್ಪಡಿಸಬೇಕಾದರೆ ಹಲವು ಬಗೆಯ ಹೆಣ್ಣುಗಳಿಂದ ಮರಿಗಳಾಗಬೇಕು. ಅದೇ ಹೆಣ್ಣುಗಳಿಗೆ ಬೇರೆ ಗಂಡಿನಿಂದ ಆದ ಮರಿಗಳ ಜೊತೆ ಹೋಲಿಸಬೇಕು.

ಬುದ್ಧಿಮಾತು ಸರಿಯಿರುವುದೆಲ್ಲಿ?

ಇಷ್ಟೆಲ್ಲ ಹೇಳಿದ ಮೇಲೆ ಮುದ್ದಾದ ಎಳೆಗಂಡು ಕಂಡ ಕೂಡಲೇ ತಳಿಗೆ ಬಿಡಬಹುದೆಂದು ಯಾರೂ ತಿಳಿಯಬಾರದು. ಎಚ್ಚರದ ಕಾರಣಗಳು ಕೆಲವಿವೆ.

ಮೊದಲನೆಯದು ಬೆಳವಣಿಗೆ. ಒಂದು ವರ್ಷದ ಕುದುರೆ ತನ್ನ ಪೂರ್ಣ ಎತ್ತರದ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಮುಟ್ಟಿರುತ್ತದೆ. ಉಳಿದ ಒಂದು ಪಾಲು ಎಂದರೆ 34 ಅಂಗುಲದ ಕುದುರೆಯಲ್ಲಿ ಮೂರು ಅಂಗುಲಕ್ಕೂ ಹೆಚ್ಚು. ಮಿತಿಯ ಅಂಚಿನಲ್ಲಿರುವ ತಳಿಯಲ್ಲಿ ಇದು ದೊಡ್ಡ ಅನಿಶ್ಚಿತತೆ. ಹಲ್ಲುಗಳ ಹೊಂದಾಣಿಕೆ, ಮೊಣಕಾಲಿನ ನೇರ, ಹೆಣ್ಣಿನ ಹತ್ತಿರ ನಡೆದುಕೊಳ್ಳುವ ರೀತಿ ಇವೂ ವಯಸ್ಸಿನೊಂದಿಗೆ ಬದಲಾಗುತ್ತವೆ. ಮೇಲೆ ಹೇಳಿದ 0.71ರ ನಿಖರತೆ ಪೂರ್ತಿ ಬೆಳೆದ ಪ್ರಾಣಿಯದು, ಮರಿಯದಲ್ಲ.

ಎರಡನೆಯದು ಬಹುಮಾನದ ಭ್ರಮೆ. ಐವತ್ತು ಎಳೆಗಂಡುಗಳಲ್ಲಿ ಮೊದಲ ಸ್ಥಾನ ಪಡೆದದ್ದಕ್ಕೆ ಒಳ್ಳೆಯ ಜೀನುಗಳ ಜೊತೆ ಒಳ್ಳೆಯ ಮೇವು, ಒಳ್ಳೆಯ ದಿನ, ಒಪ್ಪಿದ ತೀರ್ಪುಗಾರ ಎಲ್ಲವೂ ಕೂಡಿಬಂದಿರುತ್ತವೆ. ಒಂದು ಗುಣದಲ್ಲಿ ಅದು ಸರಾಸರಿಗಿಂತ 3 ಅಂಶ ಮೇಲಿದೆ, ಅನುವಂಶೀಯತಾ ಪ್ರಮಾಣ 0.3 ಎಂದಿಟ್ಟುಕೊಳ್ಳಿ. ಆಗ ಅದರ ತಳಿಮೌಲ್ಯದ ಅಂದಾಜು 0.9. ಮರಿಗೆ ಇಳಿಯುವುದು ಅದರಲ್ಲಿ ಅರ್ಧ. ಸಾಧಾರಣ ಹೆಣ್ಣಿನಿಂದ ಹುಟ್ಟುವ ಮರಿಗಳು ಸರಾಸರಿಗಿಂತ 0.45 ಅಂಶ ಮಾತ್ರ ಮೇಲಿರುತ್ತವೆ ಎಂದು ನಿರೀಕ್ಷಿಸಬೇಕು. ಮಕ್ಕಳ ಎತ್ತರ ಸರಾಸರಿಯ ಕಡೆಗೆ ಸರಿಯುವುದನ್ನು ಫ್ರಾನ್ಸಿಸ್ ಗಾಲ್ಟನ್ 1886ರಲ್ಲೇ ಮನುಷ್ಯರಲ್ಲಿ ತೋರಿಸಿದ್ದ.

ಮೂರನೆಯದು ಡಿಎನ್‌ಎ ಪರೀಕ್ಷೆಯ ಮಿತಿ. ಅದು ತಿಳಿದ ಬದಲಾವಣೆಗಳನ್ನು ಮಾತ್ರ ಹಿಡಿಯುತ್ತದೆ. ಎತ್ತರದ ಬಗ್ಗೆಯೂ ಇಂಥದೇ ಎಚ್ಚರ ಬೇಕು. ಕೇವಲ ನಾಲ್ಕು ಜೀನ್ ನೆಲೆಗಳು ಕುದುರೆಗಳ ಗಾತ್ರದ ವ್ಯತ್ಯಾಸದಲ್ಲಿ ಶೇಕಡ 83ನ್ನು ವಿವರಿಸುತ್ತವೆ ಎಂಬ 2012ರ ಸಂಶೋಧನೆ ಬೇರೆ ಬೇರೆ ತಳಿಗಳನ್ನು ಹೋಲಿಸಿದ್ದು. ಒಂದೇ ತಳಿಯೊಳಗಿನ ಎರಡು ಗಂಡುಗಳ ನಡುವೆ ಆಯ್ಕೆ ಮಾಡಲು ಅದನ್ನು ಹಾಗೆಯೇ ಬಳಸಲಾಗದು. ಹಸುಗಳಲ್ಲಿ ಅಮೆರಿಕವು 2009ರಿಂದ ಡಿಎನ್‌ಎ ಆಧಾರದ ತಳಿಮೌಲ್ಯವನ್ನು ಅಧಿಕೃತವಾಗಿ ಪ್ರಕಟಿಸುತ್ತಿದೆ. ಎಳೆಯ ಹೋರಿಗಳನ್ನು ಧೈರ್ಯವಾಗಿ ಬಳಸಲು ಅದರಿಂದ ಸಾಧ್ಯವಾಯಿತು. ಆದರೆ ಅದರ ಹಿಂದೆ ಸಾವಿರಾರು ಅಳೆದ ಪ್ರಾಣಿಗಳ ದಾಖಲೆಯಿದೆ. ನಾಲ್ಕೈದು ಕುದುರೆಗಳ ಲಾಯಗಳಲ್ಲಿ ಅಂಥ ದಾಖಲೆ ಕೂಡಿಬರುವುದು ಸುಲಭವಲ್ಲ.

ಕಾಯುವುದು ಯಾವುದಕ್ಕೆ?

ಕಾಯುವುದಕ್ಕೂ ಬೆಲೆಯಿದೆ. 3 ವರ್ಷದ ಗಂಡನ್ನು ಕೂಡಿಸಿದರೆ ಮರಿ ಹುಟ್ಟುವಾಗ ಅದಕ್ಕೆ ಸುಮಾರು 4 ವರ್ಷ. ಆ ಮರಿ 5 ವರ್ಷ ತುಂಬಿ ಶಾಶ್ವತ ಅಳತೆಗೆ ಬರುವಾಗ ತಂದೆಗೆ 9 ವರ್ಷ. ಅಷ್ಟರಲ್ಲಿ ಅದೇ ಒಂದು ಖ್ಯಾತ ಗಂಡು ಎಲ್ಲ ಹೆಣ್ಣುಗಳನ್ನೂ ಕೂಡಿರುತ್ತದೆ. 1 ಗಂಡು, 20 ಹೆಣ್ಣು ಇರುವ ಗುಂಪು ಕಣ್ಣಿಗೆ 21 ಕುದುರೆಗಳ ಗುಂಪು. ಒಳಸಂತಾನದ ಲೆಕ್ಕದಲ್ಲಿ ಅದರ ಪರಿಣಾಮಕಾರಿ ಸಂಖ್ಯೆ 3.8 ಮಾತ್ರ. ಗಂಡುಗಳನ್ನು ಎರಡು ಮಾಡಿದರೆ ಅದು 7.3ಕ್ಕೆ ಏರುತ್ತದೆ. ಅಡಗಿದ ದೋಷಗಳಿರುವ ತಳಿಯಲ್ಲಿ ಎರಡನೆಯ, ಎಳೆಯ ಗಂಡಿಗೆ ಜಾಗ ಕೊಡುವುದು ತಳಿಗೇ ವಿಮೆ ಮಾಡಿಸಿದಂತೆ.

ಆದ್ದರಿಂದ ಹಳೆಯ ಮಾತನ್ನು ತಿದ್ದಿ ಹೀಗೆ ಹೇಳಬಹುದು: ಬೆಳವಣಿಗೆಗೆ ಕಾಯಿರಿ, ಖ್ಯಾತಿಗೆ ಕಾಯಬೇಡಿ. ಎಳೆಗಂಡಿನ ಡಿಎನ್‌ಎ ಪರೀಕ್ಷೆ ಮೊದಲೇ ಆಗಲಿ. ಹಲ್ಲು, ಕಾಲು, ವೃಷಣ, ವೀರ್ಯ ಇವನ್ನು ಪಶುವೈದ್ಯರು ನೋಡಲಿ. ಮೈ ಕೂಡಿಬಂದ ಮೇಲೆ ಮೊದಲ ವರ್ಷ ಪರೀಕ್ಷೆಯಾದ ಕೆಲವೇ ಹೆಣ್ಣುಗಳಿಗೆ ಬಿಡಿ. ಅವು ಒಂದೇ ಮನೆತನದವಾಗದಿರಲಿ, ಈ ಹಿಂದೆ ಸುಸೂತ್ರವಾಗಿ ಹೆತ್ತವಾಗಿರಲಿ. ಕಿರುಗುದುರೆಗಳಲ್ಲಿ ಹೆರಿಗೆಯ ತೊಡಕು ಸಾಮಾನ್ಯವಾದ್ದರಿಂದ ಇದು ಮುಖ್ಯ. ಹುಟ್ಟಿದ ಮರಿಗಳ ಜೊತೆಗೆ ನಿಲ್ಲದ ಗರ್ಭಗಳನ್ನೂ ಬರೆದಿಡಿ. ಆರ್ಲಿಂಡಾ ಚೀಫ್‌ನ ಸತ್ಯ ಅಡಗಿದ್ದದ್ದು ಹುಟ್ಟದ ಕರುಗಳಲ್ಲಿ. ಈ ಪರೀಕ್ಷೆಗಳಲ್ಲಿ ಹಿಂದೆ ಬಿದ್ದ ಗಂಡುಗಳ ವೃಷಣ ತೆಗೆಸಿ, ಅಂದರೆ ಹಿಡ ಮಾಡಿಸಿ, ಸವಾರಿ ಬಂಡಿಗೋ ಮಕ್ಕಳ ಒಡನಾಟಕ್ಕೋ ಬಿಡುವುದು ಒಳಿತು. ಗಂಡಾಗಿ ಹುಟ್ಟಿದ್ದೆಲ್ಲ ಬೀಜಕ್ಕೆ ನಿಲ್ಲಬೇಕಾಗಿಲ್ಲ.

ತರಗತಿಗೊಂದು ಪ್ರಯೋಗ

ಈ ವಿಮರ್ಶೆಯ ಮುಖ್ಯ ಲೆಕ್ಕವನ್ನು ಅಧ್ಯಾಪಕರು ತರಗತಿಯಲ್ಲೇ ಮಾಡಿ ತೋರಿಸಬಹುದು. ಪ್ರತಿ ವಿದ್ಯಾರ್ಥಿಗೂ ನಾಲ್ಕು ನಾಣ್ಯ ಕೊಡಿ. ಪ್ರತಿಯೊಬ್ಬರೂ ಒಂದೊಂದು ವಾಹಕ ಗಂಡಿನ ಪರವಾಗಿ ಆಡುತ್ತಾರೆ. ನಾಲ್ಕೂ ನಾಣ್ಯಗಳನ್ನು ಒಮ್ಮೆ ಚಿಮ್ಮಿಸಿದರೆ ಒಂದು ಮರಿ. ಮೊದಲೆರಡು ನಾಣ್ಯಗಳೂ ತಲೆ ಬಿದ್ದರೆ ಕೂಡಿದ ಹೆಣ್ಣು ವಾಹಕ. ಉಳಿದೆರಡೂ ತಲೆ ಬಿದ್ದರೆ ತಂದೆತಾಯಿ ಇಬ್ಬರೂ ಕೆಟ್ಟ ಪ್ರತಿಯನ್ನೇ ದಾಟಿಸಿದರು ಎಂದರ್ಥ. ನಾಲ್ಕೂ ತಲೆಯಾದರೆ ಮಾತ್ರ ಮರಿ ಕುಬ್ಜ. ಹೀಗೆ ಹತ್ತು ಸಲ ಚಿಮ್ಮಿಸಿ, ಒಮ್ಮೆಯೂ ನಾಲ್ಕು ತಲೆ ಬೀಳದವರು ಎದ್ದು ನಿಲ್ಲಲಿ.

40 ಮಂದಿಯ ತರಗತಿಯಲ್ಲಿ ಸರಾಸರಿ 21 ಮಂದಿ ಎದ್ದು ನಿಲ್ಲುತ್ತಾರೆ. ಎಲ್ಲರೂ ‘ಸಾಬೀತಾದ’ ಗಂಡುಗಳು, ಎಲ್ಲರೂ ವಾಹಕರು. ಬಳಿಕ ಅದೇ ವಿದ್ಯಾರ್ಥಿಗಳು ಹತ್ತರ ಬದಲು 47 ಸಲ ಚಿಮ್ಮಿಸಿ ಎಷ್ಟು ಮಂದಿ ನಿಂತಿದ್ದಾರೆಂದು ಎಣಿಸಲಿ. ಸಾಕ್ಷ್ಯಕ್ಕೂ ಖ್ಯಾತಿಗೂ ಇರುವ ಅಂತರ ಆಗ ಅವರಿಗೆ ಕಣ್ಣಾರೆ ಕಾಣುತ್ತದೆ.